ಧ್ಯಾನಕ್ಕೆ ಓಕ್‌ಲ್ಯಾಂಡೋ, ವುಡೇಕರೋ?

ಸ್ಯಾನ್ ಫ್ರಾನ್ಸಿಸ್ಕೊ ಆಸುಪಾಸಿನಲ್ಲಿ ವಿಪಶ್ಯನಾ ಎಂಬ ಬೌದ್ಧ ಧ್ಯಾನ ಕಲಿಯುವವರು ಹೆಚ್ಚಾಗಿ ತೂಗಿನೋಡುವುದು ಈ ಎರಡು ಊರುಗಳ ಕೇಂದ್ರಗಳನ್ನು.

2007ರಲ್ಲಿ ಓಕ್‌ಲ್ಯಾಂಡ್ ಪೇಟೆಯಲ್ಲಿ ಬಾಗಿಲು ತೆರೆದ ಈಸ್ಟ್ ಬೇ ಮೆಡಿಟೇಶನ್ ಸೆಂಟರ್‌ಗೆ ಸಾಮಾಜಿಕ ನ್ಯಾಯವೇ ಬುನಾದಿ. ಬಿಳಿಯರಲ್ಲದವರಿಗೆ (ನಾವೂ ಸೇರಿ) ಪ್ರತ್ಯೇಕ ಸಂಘ, ಅಂದರೆ ಕೂಡಿ ಧ್ಯಾನ ಮಾಡುವ ಬಳಗವಿದೆ. ವರ್ಣಭೇದದ ನೋವನ್ನು ಅಲ್ಲಿ ಅ ಆ ಇ ಈಯಿಂದ ಬಿಡಿಸಿ ಹೇಳಬೇಕಿಲ್ಲ. ನಿಗದಿತ ಶುಲ್ಕವಿಲ್ಲ, ಕೈಲಾದಷ್ಟು ದಾನ. ಹೊಸಬರು ಎಡವುವುದು ಸುಗಂಧ ಸೂಸುವ ಯಾವುದನ್ನೂ ಬಳಸಿ ಬರಬಾರದೆಂಬ ನಿಯಮದಲ್ಲಿ. ಸೆಂಟು ಬಿಟ್ಟರೆ ಸಾಲದು. ಘಮಘಮಿಸುವ ತಲೆ ಎಣ್ಣೆ, ಬಟ್ಟೆಯಲ್ಲುಳಿದ ಡಿಟರ್ಜೆಂಟ್ ವಾಸನೆಯೂ ರಾಸಾಯನಿಕಗಳನ್ನು ತಾಳಲಾರದವರಿಗೆ ಕಾಟ. ಮೀಯಲು, ಒಗೆಯಲು ವಾಸನೆಯಿಲ್ಲದ ಸೋಪನ್ನೇ ಬಳಸಿ.

ವುಡೇಕರ್ ಗುಡ್ಡಗಳ ನಡುವಿನ ಸ್ಪಿರಿಟ್ ರಾಕ್ ಧ್ಯಾನ ಕೇಂದ್ರದಲ್ಲಿ ದಿನಗಟ್ಟಲೆ ಉಳಿದು ಮೌನ ಶಿಬಿರ ಮಾಡಬಹುದು. ಅದಕ್ಕೆ ಶುಲ್ಕವುಂಟು, ಗುರುಗಳಿಗೆ ದಾನ ಬೇರೆ. ಬಿಳಿಯರಲ್ಲದವರಿಗೆಂದೇ ಶಿಬಿರಗಳು ಅಲ್ಲೂ ನಡೆದಿವೆ. ಆದರೆ ನಿತ್ಯದ ಒಡನಾಟ ಬೇಕಿದ್ದರೆ ಓಕ್‌ಲ್ಯಾಂಡೇ ವಾಸಿ. ತರಗತಿ ಆನ್‌ಲೈನೋ ಮುಖಾಮುಖಿಯೋ ನೋಡಿಕೊಂಡು ಹೊರಡಿ.