ವಿಟ್‌ಬಿಯರೋ, ಟ್ರಿಪೆಲೋ?

ಧಾರವಾಡದಿಂದ ಪುಣೆಗೆ ಬಂದ ಗೆಳೆಯರು ಬೆಲ್ಜಿಯಂ ಶೈಲಿಯ ಬಿಯರ್ ಕೇಳಿದರೆ ನಾನು ಮೊದಲು ವಿಟ್‌ಬಿಯರನ್ನೇ ತರಿಸುತ್ತೇನೆ. ಮಾಲ್ಟ್ ಮಾಡದ (ಮೊಳಕೆ ಬರಿಸಿ ಒಣಗಿಸದ) ಗೋಧಿ, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಸೇರಿದ ಇದು ತಿಳಿಗಂಜಿಯಂತೆ ಮಸುಕು. ಲೋಟವನ್ನು ಮೂಗಿನ ಹತ್ತಿರ ತಂದರೆ ಆಗಷ್ಟೇ ಸುಲಿದ ಕಿತ್ತಳೆಯ ಘಮ. ನೊರೆ ಇಳಿದ ಮೇಲೆ ನಾಲಿಗೆಗೆ ಕೊತ್ತಂಬರಿಯ ತಂಪು. ಮದ್ಯಾಂಶ ಶೇ. 5ರ ಆಸುಪಾಸು. ಬೆಲ್ಜಿಯಂನ ಹೂಗಾರ್ಡನ್ ಊರಿನಲ್ಲಿ ನಿಂತೇ ಹೋಗಿದ್ದ ಈ ಬಗೆಯನ್ನು 1960ರ ದಶಕದಲ್ಲಿ ಅದೇ ಊರಿನ ಪಿಯೆರ್ ಸೆಲಿಸ್ ಮತ್ತೆ ಬದುಕಿಸಿದರು. ಅವರ ಉಪಕಾರ ದೊಡ್ಡದು.

ಬೆಲ್ಜಿಯಂನದೇ ಇನ್ನೊಂದು ಬಗೆಯ ಬಿಯರ್ ಟ್ರಿಪೆಲ್ ಹೊಂಬಣ್ಣದ್ದು. ಕುಡಿಯುವಾಗ ಹಗುರವೆನಿಸಿದರೂ ಸಾಮಾನ್ಯವಾಗಿ ಶೇ. 8ರಿಂದ 10ರಷ್ಟು ಮದ್ಯಾಂಶವಿರುತ್ತದೆ. ಲವಂಗದಂಥ, ಮಾಗಿದ ಹಣ್ಣಿನಂಥ ಪರಿಮಳ ಅದರ ಯೀಸ್ಟಿನದು. ಸಣ್ಣ ಲೋಟವೇ ಸಾಕು.

ಬೇಸಿಗೆಯ ಸಂಜೆ, ಖಾರದ ಊಟಕ್ಕೆ ವಿಟ್‌ಬಿಯರ್. ಮಳೆಯ ರಾತ್ರಿ ಹರಟೆಗೆ ಕುಳಿತರೆ ಟ್ರಿಪೆಲ್. ಮನೆಗೆ ಮಾತ್ರ ರಿಕ್ಷಾದಲ್ಲೇ ಮರಳಿ.