ಕ್ಲೌಡ್ ನಕ್ಷೆಗಳಿಗೆ ಟಿಕ್ ಹಾಕಿ ಅಂಕ ಕೊಡಬೇಡಿ: ಕೋಲಾರದ ಮಂಡಿಯೊಂದರಲ್ಲಿ ಆದದ್ದು

ಕ್ಲೌಡಿಗೆ ಹೋಗುವ ಮುಂಚೆ ರೆಫರೆನ್ಸ್ ಆರ್ಕಿಟೆಕ್ಚರ್‌ಗಳನ್ನು, ಅಂದರೆ ವ್ಯವಸ್ಥೆಯ ಮಾದರಿ ನಕ್ಷೆಗಳನ್ನು, ಹೋಲಿಸಿ ನೋಡಲೇಬೇಕು. ಆದರೆ ಹೋಲಿಸುವ ರೀತಿ ತಪ್ಪಿದರೆ ಎಷ್ಟು ನಷ್ಟ ಎಂಬುದನ್ನು ಕೋಲಾರದ ಟೊಮೆಟೊ ಮಂಡಿಯೊಂದರ ಬಿಲ್ಲಿಂಗ್ ವ್ಯವಸ್ಥೆ ತೋರಿಸಿಕೊಟ್ಟಿದೆ. ಸಲಹೆಗಾರರು ಒಂದು ಎಕ್ಸೆಲ್ ಶೀಟ್ ಕೊಟ್ಟರು. ಮೇಲ್ಸಾಲಿನಲ್ಲಿ ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್, ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ, ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್, ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್. ಎಡಗಡೆ ಅಂಶಗಳ ಉದ್ದ ಪಟ್ಟಿ. ಟಿಕ್ ಜಾಸ್ತಿ ಬಿದ್ದದ್ದನ್ನೇ ಕಟ್ಟಿದರು. ಸೀಸನ್ ಶುರುವಾದ ಮೇಲೆ ತಿಂಗಳ ಬಿಲ್ ಏರಿತು, ರೈತರಿಗೆ ಹೋಗಬೇಕಾದ ಎಸ್‌ಎಂಎಸ್ ಅರ್ಧಂಬರ್ಧ ಹೋಯಿತು, ಒಂದು ದಿನ ಹರಾಜಿನ ಹೊತ್ತಲ್ಲೇ ಕೌಂಟರ್ ನಿಂತುಹೋಯಿತು.

ತಪ್ಪು ಶುರುವಾದದ್ದು ಆ ಶೀಟಿನಲ್ಲೇ. ನಿಸ್ಟ್‌ನ 500-292 ದಾಖಲೆ 2011ರದ್ದು. ಅದರಲ್ಲಿ ಇರುವುದು ಐದು ಪಾತ್ರಗಳು: ಗ್ರಾಹಕ, ಪೂರೈಕೆದಾರ, ಬ್ರೋಕರ್, ಆಡಿಟರ್, ಕ್ಯಾರಿಯರ್ (ನಡುವಿನ ಸಂಪರ್ಕದ ಲೈನ್ ಕೊಡುವವರು). ಕ್ಲೌಡ್ ಸೇವೆ ಏನು ಕೊಡಬೇಕು ಎಂದು ಅದು ಹೇಳುತ್ತದೆ, ಹೇಗೆ ಕಟ್ಟಬೇಕು ಎಂದು ಹೇಳುವುದಿಲ್ಲ. 2014ರ ಐಎಸ್‌ಒ/ಐಇಸಿ 17789 ಬಳಕೆದಾರರ ನೋಟ ಮತ್ತು ಕಾರ್ಯಗಳ ನೋಟ ಎರಡನ್ನಷ್ಟೇ ವಿವರಿಸುತ್ತದೆ. ಅನುಷ್ಠಾನ, ನಿಯೋಜನೆ ತನ್ನ ವ್ಯಾಪ್ತಿಗೆ ಸೇರಿದ್ದಲ್ಲ ಎನ್ನುತ್ತದೆ. ಸಬ್‌ನೆಟ್ (ನೆಟ್‌ವರ್ಕಿನ ಒಂದೊಂದು ಭಾಗ), ಸರ್ವರ್, ಡೇಟಾಬೇಸ್ ಬರೆದು ತೋರಿಸುವುದು ಕಂಪನಿಗಳ ನಕ್ಷೆ. ಇವನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕ ಕೊಟ್ಟರೆ ಬರುವ ಮೊತ್ತಕ್ಕೆ ಅರ್ಥವೇ ಇರುವುದಿಲ್ಲ. ಎಡಬ್ಲ್ಯುಎಸ್‌ನ ವೆಲ್-ಆರ್ಕಿಟೆಕ್ಟೆಡ್ ಎಂಬ ವಿನ್ಯಾಸ ಮಾರ್ಗದರ್ಶಿಯಲ್ಲಿ ಆರು ಸ್ತಂಭ, ಅಜೂರ್‌ನದರಲ್ಲಿ ಐದು. 2021ರಲ್ಲಿ ಎಡಬ್ಲ್ಯುಎಸ್ ಸುಸ್ಥಿರತೆಯನ್ನು ಬೇರೆ ಸ್ತಂಭ ಮಾಡಿತು, ಅಷ್ಟೇ ವ್ಯತ್ಯಾಸ. ಶೀಟಿನಲ್ಲಿ ಅದಕ್ಕೂ ಒಂದು ಅಂಕ ಬಿದ್ದಿತ್ತು.

ಈಗ ಬಿಲ್ ವಿಷಯ. ಆರಿಸಿದ್ದು ಎಡಬ್ಲ್ಯುಎಸ್‌ನ ಮೂರು ಜೋನ್‌ಗಳ (ಒಂದೇ ಪ್ರದೇಶದ ಪ್ರತ್ಯೇಕ ಡೇಟಾ ಸೆಂಟರ್ ಗುಂಪುಗಳ) ನಕ್ಷೆ. ಜೋನಿಗೊಂದು ನ್ಯಾಟ್ ಗೇಟ್‌ವೇ, ಅಂದರೆ ಒಳಗಿನ ಸರ್ವರ್‌ಗಳು ಇಂಟರ್ನೆಟ್ಟಿಗೆ ಹೋಗುವ ಬಾಗಿಲು. ಅಮೆರಿಕದ ವರ್ಜೀನಿಯಾ ದರದಲ್ಲೇ ಒಂದಕ್ಕೆ ಗಂಟೆಗೆ 0.045 ಡಾಲರ್. 730 ಗಂಟೆಯ ತಿಂಗಳಿಗೆ 32.85, ಮೂರಕ್ಕೆ 98.55 ಡಾಲರ್. ಒಂದು ಬೈಟೂ ಹಾಯದಿದ್ದರೂ ಇದು ಕಟ್ಟಲೇಬೇಕು. ಮಂಡಿಯ ಸರ್ವರ್‌ಗಳಿದ್ದ ಮುಂಬೈನ ದರ ಇನ್ನೂ ಜಾಸ್ತಿ. ಇದರ ಮೇಲೆ ಹಾದುಹೋಗುವ ಪ್ರತಿ ಜಿಬಿಗೆ ಬೇರೆ ಶುಲ್ಕ. ಮಂಡಿಯಲ್ಲಿ ಪ್ರತಿ ಲಾಟಿನ ಬಾಕ್ಸ್‌ಗಳ ಫೋಟೊ, ತೂಕದ ಚೀಟಿಯ ಫೋಟೊ ಸರ್ವರ್‌ನಿಂದ ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹ ಸೇವೆಯಾದ ಎಸ್3ಗೆ ಹೋಗುತ್ತಿತ್ತು, ಅದೂ ನ್ಯಾಟ್ ಮೂಲಕವೇ. ಎಸ್3ಗೆ ನ್ಯಾಟ್ ದಾಟದ ಒಳದಾರಿಯಾದ ಗೇಟ್‌ವೇ ಎಂಡ್‌ಪಾಯಿಂಟ್ ಹಾಕಿದ್ದರೆ ಆ ದಾರಿ ಪುಕ್ಕಟೆ. ಆರಿಸಿದ ನಕ್ಷೆಯಲ್ಲಿ ಆ ಡಬ್ಬಿ ಇರಲಿಲ್ಲ, ಹಾಗಾಗಿ ಕಟ್ಟಿದವರೂ ಹಾಕಲಿಲ್ಲ.

ಎಸ್‌ಎಂಎಸ್ ಕಥೆ ಇನ್ನೂ ಬೇಸರದ್ದು, ಯಾಕೆಂದರೆ ಪತ್ತೆ ಹಚ್ಚುವುದೇ ಕಷ್ಟ. ಎಸ್‌ಎಂಎಸ್ ಕಳಿಸುವ ಸೇವೆಗಳು, ಬ್ಯಾಂಕಿನ ಎಪಿಐಗಳು (ಬೇರೆ ಸಾಫ್ಟ್‌ವೇರ್ ಜೊತೆ ಮಾತಾಡುವ ಕೊಂಡಿಗಳು) ಮೊದಲೇ ನೋಂದಾಯಿಸಿದ ಐಪಿ ವಿಳಾಸದಿಂದ ಬಂದ ವಿನಂತಿಯನ್ನಷ್ಟೇ ಒಪ್ಪುವುದು ಸಾಮಾನ್ಯ. ಮೂರು ನ್ಯಾಟ್ ಎಂದರೆ ಮೂರು ಹೊರ ಐಪಿ. ನೋಂದಾಯಿಸಿದ್ದು ಒಂದೇ. ಒಂದು ಜೋನಿನ ಸರ್ವರ್ ಹಿಡಿದ ಲಾಟಿನ ರೈತರಿಗೆ ದರದ ಸಂದೇಶ ಬಂತು, ಉಳಿದೆರಡು ಜೋನಿನವು ತಿರಸ್ಕೃತವಾದವು. ಮಂಡಿಯಲ್ಲಿ ಮಾತ್ರ 'ಪಕ್ಕದವನಿಗೆ ಬಂದಿದೆ, ನನಗ್ಯಾಕೆ ಬಂದಿಲ್ಲ' ಅಂತ ಜಗಳ. ಇಂಥ ಲಕ್ಷಣ ಕಂಡರೆ ಪ್ರತಿ ಜೋನಿನ ಸರ್ವರ್ ಒಳಗಿಂದ ಒಂದೊಂದು ಸಲ ಕರ್ಲ್ ಎಂಬ ಆಜ್ಞೆ ಹಾಕಿ ಹೊರಗೆ ಕಾಣುವ ಐಪಿ ಯಾವುದು ನೋಡಿ, ನೋಂದಣಿ ಪಟ್ಟಿಯ ಜೊತೆ ತಾಳೆ ಮಾಡಿ.

ಕೌಂಟರ್ ನಿಂತದ್ದಕ್ಕೆ ಕ್ಲೌಡ್ ಕಾರಣವೇ ಅಲ್ಲ. ರಸ್ತೆ ಅಗೆತದಲ್ಲಿ ಮಂಡಿಯ ಫೈಬರ್ ತುಂಡಾಯಿತು. ಮುಂಬೈಯ ಮೂರೂ ಜೋನ್ ಆರೋಗ್ಯವಾಗಿಯೇ ಇದ್ದವು! ಕಂಪನಿ ನಕ್ಷೆಯಲ್ಲಿ ಬಳಕೆದಾರನ ಚಿತ್ರದಿಂದ ಒಂದು ಗೆರೆ ಎಳೆದಿರುತ್ತಾರೆ, ಆ ಗೆರೆಯೇ ಇಲ್ಲಿ ಕಡಿದದ್ದು. ನಿಸ್ಟ್‌ನಲ್ಲಿ ಅದಕ್ಕೆ ಕ್ಯಾರಿಯರ್ ಎಂಬ ಪಾತ್ರವೇ ಇದೆ. ಶೀಟಿನಲ್ಲಿ ಅದಕ್ಕೆ ಟಿಕ್ ಹಾಕಿದವರು 'ನಮ್ಮ ಕ್ಯಾರಿಯರ್ ಯಾರು, ಲೈನ್ ಹೋದರೆ ಏನು' ಎಂದು ಕೇಳಲಿಲ್ಲ. ಮೂರು ಜೋನಿಗೆ ಸುರಿದ ದುಡ್ಡಿನಲ್ಲಿ ಸ್ವಲ್ಪ ಇಲ್ಲಿಗೆ ಬರಬೇಕಿತ್ತು: ಬೇರೆ ಕಂಪನಿಯ 4ಜಿ ರೂಟರ್ ಒಂದು, ಮತ್ತು ಲೈನ್ ಇಲ್ಲದಾಗಲೂ ಬಿಲ್ಲನ್ನು ಕೌಂಟರ್ ಕಂಪ್ಯೂಟರಿನಲ್ಲೇ ಉಳಿಸಿಕೊಂಡು ಆಮೇಲೆ ಕಳಿಸುವ ವ್ಯವಸ್ಥೆ. ಬಿಲ್ ನಂಬರ್ ಕೌಂಟರಿನಲ್ಲೇ ಹುಟ್ಟಬೇಕು, ಉದಾಹರಣೆಗೆ ಕೌಂಟರ್ ಸಂಖ್ಯೆ, ತಾರೀಕು, ಕ್ರಮಸಂಖ್ಯೆ ಸೇರಿಸಿ. ಇಲ್ಲದಿದ್ದರೆ ಎರಡನೇ ಸಲ ಕಳಿಸಿದಾಗ ಒಂದೇ ಲಾಟಿಗೆ ಎರಡು ಬಿಲ್ ಆಗುತ್ತದೆ.

ಹೋಲಿಸಲೇಬೇಕಾದರೆ ಒಂದು ಲಾಟನ್ನು ಹಿಡಿದು ಪ್ರತಿ ನಕ್ಷೆಯಲ್ಲೂ ಓಡಿಸಿ ನೋಡಿ: ಕೌಂಟರಿನಲ್ಲಿ ನಮೂದು, ಫೋಟೊ, ಹರಾಜಿನ ದರ, ರೈತರ ಎಸ್‌ಎಂಎಸ್. ಪ್ರತಿ ಹೆಜ್ಜೆಯಲ್ಲಿ ಎರಡೇ ಪ್ರಶ್ನೆ. ಇಲ್ಲಿ ಯಾವ ಮೀಟರ್ ಓಡುತ್ತದೆ? ಇದು ಬಿದ್ದರೆ ಹರಾಜು ನಿಲ್ಲುತ್ತದಾ? ಡೇಟಾಬೇಸಿನ ಹೆಜ್ಜೆಯಲ್ಲಿ ಇನ್ನೊಂದು ನೋಡಿಕೊಳ್ಳಿ: ಎಡಬ್ಲ್ಯುಎಸ್‌ನ ಡೇಟಾಬೇಸ್ ಸೇವೆ ಆರ್‌ಡಿಎಸ್‌ನ ಮಲ್ಟಿ-ಎಜೆಡ್ ವ್ಯವಸ್ಥೆಯಲ್ಲಿ, ಮುಖ್ಯ ಡೇಟಾಬೇಸ್ ಬಿದ್ದಾಗ ಬೇರೆ ಜೋನಿನ ಸ್ಟ್ಯಾಂಡ್‌ಬೈ ಕೆಲಸ ಕೈಗೆತ್ತಿಕೊಳ್ಳಲು ಸಾಮಾನ್ಯವಾಗಿ 60ರಿಂದ 120 ಸೆಕೆಂಡ್ ಬೇಕು. ಆ್ಯಪ್‌ನಲ್ಲಿ ಡೇಟಾಬೇಸಿನ ಎಂಡ್‌ಪಾಯಿಂಟ್ ಹೆಸರಿನ ಬದಲು ಐಪಿ ಬರೆದಿದ್ದರೆ ಅದು ಹಳೇ ವಿಳಾಸಕ್ಕೇ ಬಡಿಯುತ್ತಿರುತ್ತದೆ. ಹತ್ತಿರ ಎಂದು ಅಜೂರ್‌ನ ಚೆನ್ನೈ ರೀಜನ್ ಆರಿಸುವವರು ಅಲ್ಲಿ ಅವೈಲಬಿಲಿಟಿ ಜೋನ್ ಇದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಪುಣೆಯ ಸೆಂಟ್ರಲ್ ಇಂಡಿಯಾದಲ್ಲಿದೆ ಎಂದು ಚೆನ್ನೈನಲ್ಲೂ ಇದ್ದೀತು ಎಂದುಕೊಳ್ಳಬೇಡಿ.

ಈಗಾಗಲೇ ಮೂರು ನ್ಯಾಟ್ ಹಾಕಿಕೊಂಡವರು ಈ ಕ್ರಮದಲ್ಲಿ ಒಂದಕ್ಕೆ ಇಳಿಸಿ. ಮೊದಲು ಎಸ್3 ಗೇಟ್‌ವೇ ಎಂಡ್‌ಪಾಯಿಂಟ್ ಮಾಡಿ, ಪ್ರೈವೇಟ್ ಸಬ್‌ನೆಟ್‌ಗಳ ಎಲ್ಲ ರೂಟ್ ಟೇಬಲ್‌ಗೂ (ಡೇಟಾ ಯಾವ ದಾರಿ ಹಿಡಿಯಬೇಕೆಂಬ ಪಟ್ಟಿಗೂ) ಸೇರಿಸಿ. ಉಳಿಸಿಕೊಳ್ಳುವ ನ್ಯಾಟ್‌ನ ಐಪಿ ಎಸ್‌ಎಂಎಸ್, ಬ್ಯಾಂಕ್ ಎರಡೂ ಕಡೆ ನೋಂದಣಿಯಾಗಿದೆ ಎಂದು ಖಚಿತವಾದ ಮೇಲೆ 0.0.0.0/0 ದಾರಿಯನ್ನು, ಅಂದರೆ ಹೊರಗಿನ ಬೇರೆಲ್ಲ ವಿಳಾಸಗಳ ದಾರಿಯನ್ನು, ಅದಕ್ಕೆ ತಿರುಗಿಸಿ. ಹರಾಜು ಮುಗಿದ ಹೊತ್ತಲ್ಲೇ ಮಾಡಿ, ಚಾಲ್ತಿಯಲ್ಲಿರುವ ಸಂಪರ್ಕಗಳು ಕಡಿಯುತ್ತವೆ. ಜೋನ್ ದಾಟುವ ಡೇಟಾಗೆ ಸ್ವಲ್ಪ ಶುಲ್ಕ ಬರುತ್ತದೆ, ಆ ಒಂದು ಜೋನ್ ಬಿದ್ದರೆ ಹೊರಹೋಗುವ ಎಸ್‌ಎಂಎಸ್ ನಿಲ್ಲುತ್ತದೆ. ಸಂದೇಶಗಳನ್ನು ಕ್ಯೂನಲ್ಲಿ ಇಟ್ಟುಕೊಂಡರೆ ತಡವಾಗಿಯಾದರೂ ಹೋಗುತ್ತವೆ, ಮಂಡಿಗೆ ಅಷ್ಟು ಸಾಕು. ಒಂದೆರಡು ದಿನ ಲಾಗ್ ನೋಡಿ ಆಮೇಲೆ ಉಳಿದೆರಡು ನ್ಯಾಟ್ ಅಳಿಸಿ. ಅಳಿಸಿದ ಮಾತ್ರಕ್ಕೆ ಅವುಗಳ ಎಲಾಸ್ಟಿಕ್ ಐಪಿ (ನಿಮ್ಮ ಖಾತೆಗೆ ಕೊಟ್ಟ ಸ್ಥಿರ ಹೊರ ಐಪಿ) ವಾಪಸ್ ಹೋಗುವುದಿಲ್ಲ. ಅದನ್ನು ಬೇರೆಯಾಗಿ ರಿಲೀಸ್ ಮಾಡದಿದ್ದರೆ ಒಂದೊಂದಕ್ಕೂ ಗಂಟೆಗೆ 0.005 ಡಾಲರ್ ಬೀಳುತ್ತಲೇ ಇರುತ್ತದೆ.