ಆರು ಸಾಲಿಗೆ ಇಳಿದ ಬಿಲ್ಲಿನ ಪರದೆ: ಔಷಧ ಅಂಗಡಿಯ ಬಿಲ್ಲಿಂಗ್ ತಂತ್ರಾಂಶದ ಹೊಸ ಆವೃತ್ತಿ

ದಾವಣಗೆರೆಯ ಔಷಧ ಅಂಗಡಿಗಳಲ್ಲಿ ಹಲವರು ಬಳಸುವ ಬಿಲ್ಲಿಂಗ್ ತಂತ್ರಾಂಶವೊಂದು ಪೂರ್ತಿ ಹೊಸ ರೂಪ ತಳೆದು ಬಂದಿದೆ. ಇಂಥದೇ ಬದಲಾವಣೆ ಬೇರೆ ತಂತ್ರಾಂಶಗಳಲ್ಲೂ ಆಗುತ್ತಿರುವುದರಿಂದ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಲೆಕ್ಕ, ವರದಿ, ಬ್ಯಾಕಪ್‌ಗಳಲ್ಲಿ ಹೊಸ ಆವೃತ್ತಿ ಹಳೆಯದಕ್ಕಿಂತ ಮೇಲು. ಆದರೆ ಕೌಂಟರಿನಲ್ಲಿ ನಿಂತು ಬಿಲ್ಲು ಹಾಕುವ ಪರದೆ, ಅಂದರೆ ಅಂಗಡಿಯವರು ಬೆಳಗಿನಿಂದ ರಾತ್ರಿಯವರೆಗೆ ಕಣ್ಣಿಟ್ಟು ನೋಡುವ ಆ ಒಂದು ಪರದೆ, ಮೊದಲಿಗಿಂತ ತೀರ ಹಿಂದೆ ಬಿದ್ದಿದೆ.

ಇಲ್ಲಿನ ಕೌಂಟರುಗಳ ಕೆಲಸದ ಬಗೆಯನ್ನು ಮೊದಲು ಹೇಳಬೇಕು. ಚಿಗಟೇರಿ ಜಿಲ್ಲಾ ಆಸ್ಪತ್ರೆ, 1965ರಲ್ಲಿ ಆರಂಭವಾದ ಜೆಜೆಎಂ ವೈದ್ಯಕೀಯ ಕಾಲೇಜು, ಆಮೇಲೆ ಬಂದ ಖಾಸಗಿ ಆಸ್ಪತ್ರೆಗಳಿಂದಾಗಿ ಸುತ್ತಲ ಸೀಮೆಗೆಲ್ಲ ದಾವಣಗೆರೆ ಆಸ್ಪತ್ರೆಯ ಊರಾಗಿದೆ. ಜಗಳೂರು, ಹೊನ್ನಾಳಿ, ಚನ್ನಗಿರಿಗಳಿಂದಲೂ ಜಿಲ್ಲೆಯಾಚೆಯ ಹರಪನಹಳ್ಳಿ, ರಾಣೆಬೆನ್ನೂರುಗಳಿಂದಲೂ ಬಂದವರು ಡಾಕ್ಟರಿಗೆ ತೋರಿಸಿಕೊಂಡು, ಸಂಜೆಯ ಬಸ್ಸಿಗೆ ಹೊರಡುವ ಮುನ್ನ ಒಂದೆರಡು ತಿಂಗಳ ಔಷಧವನ್ನು ಒಟ್ಟಿಗೆ ಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಮೂರೂ ಇರುವ ಹಿರಿಯರ ಚೀಟಿಯಲ್ಲಿ ಎಂಟು ಹತ್ತು ಔಷಧಗಳಿರುವುದು ಸಾಮಾನ್ಯ. ಅವೆಲ್ಲವೂ ಒಂದೇ ನೋಟಕ್ಕೆ ಪರದೆಯಲ್ಲಿ ಕಂಡರೆ ಮಾತ್ರ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲಿಗೆ ಸಾಲು ತಾಳೆ ನೋಡಲು ಸಾಧ್ಯ.

ಹಳೆಯ ಆವೃತ್ತಿಯಲ್ಲಿ ಅದು ಸಾಧ್ಯವಿತ್ತು. ಚಿಕ್ಕ ಅಂಗಡಿಗಳಲ್ಲಿ ಈಗಲೂ ಹೆಚ್ಚಾಗಿ ಇರುವುದು 1366 ಅಡ್ಡ, 768 ಎತ್ತರದ ಪಿಕ್ಸೆಲ್‌ಗಳ ಮಾನಿಟರು. ಅದರಲ್ಲಿ ಹಳೆಯ ಬಿಲ್ಲಿನ ಪರದೆ ಇಪ್ಪತ್ತಕ್ಕೂ ಹೆಚ್ಚು ಸಾಲುಗಳನ್ನು ತೋರಿಸುತ್ತಿತ್ತು. ಹೊಸದರಲ್ಲಿ ಮೇಲ್ಗಡೆ ಕಂಪನಿಯ ಲಾಂಛನವಿರುವ ದಪ್ಪ ಪಟ್ಟಿ, ಅದರ ಕೆಳಗೆ ‘ಶುಭೋದಯ’ ಎನ್ನುವ ಸಾಲು, ಅದರ ಕೆಳಗೆ ದೊಡ್ಡ ಹುಡುಕುವ ಚೌಕ, ಬಳಿಕ ಗಿರಾಕಿಯ ವಿವರದ ಡಬ್ಬಿಗಳು, ತಳದಲ್ಲಿ ಒಟ್ಟು ಮೊತ್ತದ ಇನ್ನೊಂದು ಪಟ್ಟಿ. ಇವೆಲ್ಲ ಸೇರಿ ಪರದೆಯ ಅರ್ಧಕ್ಕಿಂತ ಹೆಚ್ಚು ಎತ್ತರವನ್ನು ನುಂಗಿದ ಮೇಲೆ, ಉಳಿದ ಜಾಗದಲ್ಲಿ 52 ಪಿಕ್ಸೆಲ್ ಎತ್ತರದ ಆರು ಸಾಲುಗಳು ನಿಲ್ಲುತ್ತವೆ. ಏಳನೆಯ ಔಷಧ ಸೇರಿಸಿದ ಕೂಡಲೇ ಮೊದಲನೆಯದು ಮೇಲಕ್ಕೆ ಸರಿದು ಮರೆಯಾಗುತ್ತದೆ.

ಸಾಲುಗಳು ಕಡಿಮೆಯಾದದ್ದಕ್ಕಿಂತ ಗಂಭೀರವಾದದ್ದು ಔಷಧದ ಹೆಸರು ಅರ್ಧಕ್ಕೆ ತುಂಡಾಗುವುದು. ಔಷಧದ ಹೆಸರಿನಲ್ಲಿ ಅತ್ಯಂತ ಮುಖ್ಯವಾದ ಮಾಹಿತಿ ಕೊನೆಯಲ್ಲಿರುತ್ತದೆ. ಮೆಟ್‌ಫಾರ್ಮಿನ್ 500, 850, 1000 ಮಿಲಿಗ್ರಾಂಗಳಲ್ಲಿ ಬರುತ್ತದೆ. ತಕ್ಷಣ ಕರಗುವ ಮಾತ್ರೆ ಬೇರೆ, ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆ ಬೇರೆ. ಗ್ಲಿಮೆಪಿರೈಡ್ 1 ಮತ್ತು 2 ಮಿಲಿಗ್ರಾಂ ಮಾತ್ರೆಗಳನ್ನು ಪ್ರತ್ಯೇಕಿಸುವುದು ಆ ಕೊನೆಯ ಒಂದೇ ಅಂಕಿ. ಹೊಸ ವಿನ್ಯಾಸದಲ್ಲಿ ಪ್ರತಿ ಕಾಲಮ್ಮಿನ ಎಡಬಲಕ್ಕೆ ಧಾರಾಳವಾಗಿ ಖಾಲಿ ಜಾಗ ಬಿಟ್ಟಿರುವುದರಿಂದ ಹೆಸರಿನ ಕಾಲಮ್ಮು ಕಿರಿದಾಗಿದೆ, ಉದ್ದದ ಹೆಸರುಗಳು ಮಧ್ಯದಲ್ಲೇ ಮೂರು ಚುಕ್ಕಿಯಾಗಿ ನಿಲ್ಲುತ್ತವೆ. ಹಾಗಾಗಿ ಒಂದೇ ಕಂಪನಿಯ ಎರಡು ಪ್ರಮಾಣದ ಮಾತ್ರೆಗಳು ಪಟ್ಟಿಯಲ್ಲಿ ಅಕ್ಷರಶಃ ಒಂದೇ ಹೆಸರಿನಲ್ಲಿ ಮೇಲೆ ಕೆಳಗೆ ಕುಳಿತಿರುತ್ತವೆ. ಮೌಸಿನ ಬಾಣವನ್ನು ಹೆಸರಿನ ಮೇಲೆ ತಂದು ಒಂದು ಕ್ಷಣ ಕಾದರೆ ಪೂರ್ತಿ ಹೆಸರು ತೆರೆದುಕೊಳ್ಳುತ್ತದೆ ಎಂಬುದು ನಿಜ, ಆದರೆ ಎದುರಿಗೆ ಜನ ನಿಂತಿರುವಾಗ ಪ್ರತಿ ಸಾಲಿಗೂ ಹಾಗೆ ಕಾಯುವವರು ಯಾರು? ಸಕ್ಕರೆ ಕಾಯಿಲೆಯ ವೃದ್ಧರಿಗೆ ಒಂದರ ಬದಲು ಎರಡು ಮಿಲಿಗ್ರಾಂ ಗ್ಲಿಮೆಪಿರೈಡ್ ಹೋದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ಹೆಸರು ಕಾಣುವುದು ಇಲ್ಲಿ ಸೌಂದರ್ಯದ ವಿಷಯವಲ್ಲ, ರೋಗಿಯ ಸುರಕ್ಷತೆಯ ವಿಷಯ.

ಬ್ಯಾಚ್ ಸಂಖ್ಯೆ, ಎಕ್ಸ್‌ಪೈರಿ, ಎಂಆರ್‌ಪಿ ಈ ಮೂರೂ ಹಿಂದೆ ಹೆಸರಿನ ಪಕ್ಕದಲ್ಲೇ ಇದ್ದವು. ಈಗ ಸಾಲಿನ ಕೊನೆಯ ಬಾಣದ ಗುರುತನ್ನು ಒತ್ತಿದರೆ ಪುಟ್ಟ ಕಿಟಕಿಯೊಂದು ತೆರೆದು ಅವುಗಳನ್ನು ತೋರಿಸುತ್ತದೆ, ಅದೂ ಒಂದು ಸಲಕ್ಕೆ ಒಂದೇ ಔಷಧದ್ದು. ಇದರ ತೊಂದರೆ ಏನೆಂದು ತಿಳಿಯಬೇಕಾದರೆ 2025ರ ಸೆಪ್ಟೆಂಬರ್ 22ನ್ನು ನೆನೆಯಬೇಕು. ಅಂದಿನಿಂದ ಹೆಚ್ಚಿನ ಔಷಧಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಅಂಗಡಿಯಲ್ಲಿದ್ದ ದಾಸ್ತಾನಿನ ಮೇಲೆ ಹಳೆಯ ಎಂಆರ್‌ಪಿಯೇ ಮುದ್ರಿತವಾಗಿತ್ತು, ಗಿರಾಕಿಗೆ ಮಾತ್ರ ಇಳಿದ ಬೆಲೆಯಲ್ಲೇ ಕೊಡಬೇಕಿತ್ತು. ಒಂದೇ ಮಾತ್ರೆಯ ಎರಡು ಬ್ಯಾಚು, ಎರಡು ಮುದ್ರಿತ ಬೆಲೆ ಒಂದೇ ಡಬ್ಬಿಯಲ್ಲಿರುವ ಪರಿಸ್ಥಿತಿಯಲ್ಲಿ “ಯಾಕ್ರೀ, ಸ್ಟ್ರಿಪ್ ಮೇಲೆ ಒಂದು ರೇಟು, ಬಿಲ್ಲಲ್ಲಿ ಒಂದು ರೇಟು?” ಎಂದು ಕೇಳಿದವರಿಗೆ ಪರದೆಯನ್ನು ತಿರುಗಿಸಿ ತೋರಿಸುವುದೇ ಸರಿಯಾದ ಉತ್ತರ. ಹಳೆಯ ಪರದೆ ಅದಕ್ಕೆ ಒದಗುತ್ತಿತ್ತು. ಎಕ್ಸ್‌ಪೈರಿ ಹತ್ತಿರವಾದ ಸಾಲುಗಳನ್ನು ಅದು ಕೆಂಪಾಗಿಯೂ ತೋರಿಸುತ್ತಿತ್ತು. ಈಗ ಆ ಕೆಂಪು ಬಣ್ಣ ಮುಚ್ಚಿದ ಕಿಟಕಿಯ ಒಳಗಿದೆ.

ಷೆಡ್ಯೂಲ್ ಎಚ್1, ಅಂದರೆ ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಿ ದಾಖಲೆ ಇಡಬೇಕಾದ ಔಷಧಗಳ ವಿಷಯದಲ್ಲಿ ಈ ಮುಚ್ಚಿಡುವ ಅಭ್ಯಾಸ ಕಾನೂನಿಗೇ ಅಡ್ಡ ಬರುತ್ತದೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಸೆಫಿಕ್ಸಿಮ್, ಆಲ್‌ಪ್ರಜೋಲಮ್, ಟ್ರಮಡಾಲ್ ಮುಂತಾದವುಗಳನ್ನು ಮಾರಿದ ಹೊತ್ತಿನಲ್ಲೇ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣಗಳನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ವೈದ್ಯರ ಹೆಸರಿನ ಡಬ್ಬಿಯನ್ನು ಹೊಸ ವಿನ್ಯಾಸದವರು ‘ಇನ್ನಷ್ಟು ವಿವರ’ ಎಂಬ ಮಡಿಕೆಯೊಳಗೆ ಇಟ್ಟಿದ್ದಾರೆ. ಶುಭೋದಯ ಹೇಳಲು ಒಂದು ಪೂರ್ತಿ ಸಾಲು ಸಿಕ್ಕಿರುವ ಪರದೆಯಲ್ಲಿ ಡಾಕ್ಟರ ಹೆಸರಿಗೆ ಜಾಗ ಸಿಗದೆ ಹೋದದ್ದು ನನಗೆ ಒಪ್ಪಿಗೆಯಾಗದ ಮಾತು.

ಕೀಬೋರ್ಡಿನ ಬಳಕೆಯೂ ಕುಗ್ಗಿದೆ. ಎಂಟರ್ ಒತ್ತುತ್ತ ಹೆಸರಿನಿಂದ ಬ್ಯಾಚಿಗೆ, ಬ್ಯಾಚಿನಿಂದ ಸಂಖ್ಯೆಗೆ ಹೋಗುವ ದಾರಿ ಮುಚ್ಚಿದ್ದು, ಪ್ರಿಂಟ್ ಮಾಡಲು ಮೂರು ಚುಕ್ಕಿಯ ಗುರುತಿನೊಳಗೆ ಹೋಗಬೇಕು. ಅಕ್ಷರಗಳು ಬಿಳಿಯ ಮೇಲೆ ತಿಳಿ ಬೂದು ಬಣ್ಣದಲ್ಲಿವೆ. ರಸ್ತೆಗೆ ಮುಖವಾಗಿರುವ ಅಂಗಡಿಯಲ್ಲಿ, ಬೇಸಗೆಯ ಮಧ್ಯಾಹ್ನದ ಬಿಸಿಲು ಎದುರಿನ ಗೋಡೆಯಿಂದ ಪ್ರತಿಫಲಿಸುವಾಗ, ಅವುಗಳನ್ನು ಓದುವುದು ಕಷ್ಟ.

ಇಷ್ಟೊಂದು ಖಾಲಿ ಜಾಗ ಎಲ್ಲಿಂದ ಬಂತೆಂಬುದು ಊಹಿಸಲಾಗದ್ದೇನಲ್ಲ. ಮೊಬೈಲಿಗೂ ಮೇಜಿನ ಕಂಪ್ಯೂಟರಿಗೂ ಒಂದೇ ವಿನ್ಯಾಸ ಮಾಡಿದರೆ ತಯಾರಕರಿಗೆ ಖರ್ಚು ಉಳಿಯುತ್ತದೆ. ಬೆರಳಿನಿಂದ ಒತ್ತುವ ಗುಂಡಿ ಪರದೆಯ ಅಳತೆಯ ಕನಿಷ್ಠ 48 ಘಟಕಗಳಷ್ಟು ದೊಡ್ಡದಿರಬೇಕೆಂದು 2014ರಲ್ಲಿ ಬಂದ ಗೂಗಲಿನ ಮೆಟೀರಿಯಲ್ ವಿನ್ಯಾಸದ ಸೂತ್ರಗಳು ಹೇಳುತ್ತವೆ, ಫೋನಿನ ಮಟ್ಟಿಗೆ ಅದು ಸರಿಯಾದ ಮಾತೇ. ಮೌಸು ಮತ್ತು ಕೀಬೋರ್ಡಿನಿಂದ ನಡೆಯುವ ಕೌಂಟರಿಗೆ ಅದೇ ಅಳತೆ ಬೇಕಿಲ್ಲ. ಎಲ್ಲರಿಗೂ ಬಳಸಲು ಅನುಕೂಲವಾಗಿರಬೇಕೆಂಬ ಕಾಳಜಿಯಿಂದ ರೂಪಿಸಿದ, 2023ರಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.2 ಎಂಬ ಜಾಲತಾಣಗಳ ಮಾನದಂಡವೂ ಒತ್ತುವ ಜಾಗಕ್ಕೆ ಎಎ ಎಂಬ ನಡುವಿನ ಮಟ್ಟದಲ್ಲಿ ಕೇಳುವುದು 24 ಪಿಕ್ಸೆಲ್ ಮಾತ್ರ. ಜಿಮೇಲ್‌ನಲ್ಲಿ ಸಾಲುಗಳ ಅಂತರವನ್ನು ಬಳಸುವವರೇ ಹಿಗ್ಗಿಸಿ ಕುಗ್ಗಿಸಿಕೊಳ್ಳುವ ಆಯ್ಕೆ ಇದೆ. 2012ರ ವಿಂಡೋಸ್ 8ರಲ್ಲಿ ತೆಗೆದುಹಾಕಿದ್ದ ಸ್ಟಾರ್ಟ್ ಗುಂಡಿಯನ್ನು ಮೈಕ್ರೋಸಾಫ್ಟ್ ಮರುವರ್ಷವೇ 8.1ರಲ್ಲಿ ಮರಳಿ ತಂದಿತು. ಅಷ್ಟು ದೊಡ್ಡ ಕಂಪನಿ ಹಿಂದಿರುಗಿ ನೋಡಬಹುದಾದರೆ ಬಿಲ್ಲಿಂಗ್ ತಂತ್ರಾಂಶದವರೂ ನೋಡಬಹುದು.

ಖಾಲಿ ಜಾಗವೆಲ್ಲ ದಂಡವೆಂದು ನನ್ನ ವಾದವಲ್ಲ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಸಾಲುವ ಎತ್ತರ ಕನ್ನಡಕ್ಕೆ ಸಾಲದು. ಹಳೆಯ ಆವೃತ್ತಿಯಲ್ಲಿ ‘ಮಾತ್ರೆ’ಯ ಒತ್ತು, ‘ಪುಟ್ಟಸ್ವಾಮಿ’ಯ ಒತ್ತುಗಳು ತಳದಲ್ಲಿ ಕತ್ತರಿಸಿ ಹೋಗುತ್ತಿದ್ದವು, ಹೊಸದರಲ್ಲಿ ಗಿರಾಕಿಯ ಹೆಸರು ಪೂರ್ಣವಾಗಿ, ಚೆಂದವಾಗಿ ಕಾಣುತ್ತದೆ, ಬಿಲ್ಲಿನಲ್ಲೂ ಹಾಗೆಯೇ ಮುದ್ರಣವಾಗುತ್ತದೆ. ಅದಕ್ಕೆ ಬೇಕಾದಷ್ಟು ಎತ್ತರವನ್ನು, ಸುಮಾರು 30 ಪಿಕ್ಸೆಲ್ಲನ್ನು, ಸಂತೋಷದಿಂದ ಬಿಟ್ಟುಕೊಡಬಹುದು. ಸ್ಟಾಕಿಸ್ಟರ, ಅಂದರೆ ಸಗಟು ಪೂರೈಕೆದಾರರ, ಖರೀದಿ ಬಿಲ್ಲನ್ನು ಫೈಲಿನಿಂದಲೇ ಒಳಗೆ ಎಳೆದುಕೊಳ್ಳುವ ಸೌಲಭ್ಯವೂ ಹೊಸದರಲ್ಲಿ ಅಚ್ಚುಕಟ್ಟಾಗಿದೆ.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಾಗ ಮಾತಾಡಿದ ಹುಡುಗ ಸಮಾಧಾನವಾಗಿಯೇ ಕೇಳಿಸಿಕೊಂಡು, “ಸರ್, ದೊಡ್ಡ ಮಾನಿಟರ್ ಹಾಕಿಸಿಕೊಳ್ಳಿ, ಸರಿಹೋಗುತ್ತೆ” ಎಂದು ಸಲಹೆ ಕೊಟ್ಟರು. ಹರಿಹರದ ಪರಿಚಯದವರ ಅಂಗಡಿಯಲ್ಲಿ 1920 ಅಡ್ಡ, 1080 ಎತ್ತರದ ಮಾನಿಟರಿದೆ, ಅಲ್ಲಿಗೆ ಹೋಗಿ ನೋಡಿದೆ. ಸಾಲುಗಳು ಹನ್ನೆರಡಾಗುತ್ತವೆ, ಆದರೆ ಪಟ್ಟಿಯ ಅಗಲವನ್ನು ವಿನ್ಯಾಸದಲ್ಲೇ ನಿಗದಿ ಮಾಡಿಬಿಟ್ಟಿರುವುದರಿಂದ ಎಡಕ್ಕೂ ಬಲಕ್ಕೂ ಎರಡು ಬಿಳಿಯ ಪಟ್ಟೆಗಳು ಬರಿದಾಗಿ ಉಳಿಯುತ್ತವೆ. ನಡುವೆ ಔಷಧದ ಹೆಸರುಗಳು ಅಲ್ಲೂ ಮೂರು ಚುಕ್ಕಿಯಲ್ಲೇ ಮುಗಿಯುತ್ತವೆ.

ಕಂಪನಿಗೆ ಬರೆದು ಕಳಿಸಿರುವ ಬೇಡಿಕೆಗಳು ದೊಡ್ಡವೇನಲ್ಲ: ಸಾಲಿನ ಎತ್ತರ ಆಯ್ದುಕೊಳ್ಳುವ ಅವಕಾಶ, ಔಷಧದ ಪ್ರಮಾಣಕ್ಕೆ ಎಂದೂ ತುಂಡಾಗದ ಪ್ರತ್ಯೇಕ ಕಾಲಮ್ಮು, ಎಚ್1 ಔಷಧ ಬಂದ ಕೂಡಲೇ ತಾನಾಗಿ ತೆರೆಯುವ ವೈದ್ಯರ ಡಬ್ಬಿ, ಮತ್ತು ಹಳೆಯ ಎಂಟರ್ ಕ್ರಮ. ಪರಿಶೀಲಿಸುತ್ತೇವೆಂಬ ಉತ್ತರ ಬಂದಿದೆ. ಸದ್ಯಕ್ಕೆ ಹಳೆಯ ಆವೃತ್ತಿಯಲ್ಲಿರುವವರು, ಒಂದೇ ಕೌಂಟರಿನ ಅಂಗಡಿಯವರಾದರೆ, ಅದರಲ್ಲೇ ಮುಂದುವರಿಯುವುದು ಒಳ್ಳೆಯದು. ಖರೀದಿ ಮತ್ತು ಲೆಕ್ಕಕ್ಕೆ ಬೇರೆ ಕಂಪ್ಯೂಟರ್ ಇರುವವರು ಅಲ್ಲಿ ಹೊಸದನ್ನು ಹಾಕಿಕೊಳ್ಳಬಹುದು, ಎರಡೂ ಆವೃತ್ತಿಗಳು ಒಂದೇ ಡೇಟಾ ಓದುತ್ತವೆ. ನವೀಕರಣದ ಹಣ ಕಟ್ಟುವ ಮುನ್ನ ಹಳೆಯ ಬಿಲ್ಲಿನ ಪರದೆ ಎಷ್ಟು ಕಾಲ ಚಾಲ್ತಿಯಲ್ಲಿರುತ್ತದೆ ಎಂಬುದನ್ನು ಏಜೆಂಟರಿಂದ ಬರಹದಲ್ಲೇ ಪಡೆಯಿರಿ, ಮತ್ತು ರಿಯಾಯಿತಿಗೆ ಒಲಿದು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟದೆ ಒಂದೇ ವರ್ಷಕ್ಕೆ ಕಟ್ಟಿ.